ಮಜ್ಜಿಗೆ ಕುಡಿಯದ ನೀರು

ಆಗಸ್ಟ್ ಹದಿನೇಳು, ಶನಿವಾರ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನದ ಹೊತ್ತಿಗೆ ತೆಳು ಮೋಡ. ಗಾಳಿ ಇಲ್ಲ, ಮಳೆ ಇಲ್ಲ.

ಆ ದಿನ ಹೊಳೆಯ ತಿರುವಿನ ಊರಿಗೆ ಬರೆದುಕೊಳ್ಳುವವನೊಬ್ಬ ಬಂದ. ಹೊಳೆಯ ಮೇಲಿನ ಊರುಗಳಲ್ಲಿ ನೆರೆಗೆ ಸತ್ತವರ ಹೆಸರು ಬರೆದುಕೊಂಡಿದ್ದ, ಕೆಳಗಿನ ಊರುಗಳಲ್ಲೂ ಬರೆದುಕೊಂಡಿದ್ದ. ಇಲ್ಲಿ ಬರೆಯಲು ಹೆಸರೇ ಇರಲಿಲ್ಲ. ಮನೆಗಳು ಬಿದ್ದಿದ್ದವು, ಬಣವೆಗಳು ತೇಲಿಹೋಗಿದ್ದವು, ಬೇಲಿಯಲ್ಲಿ ಸೀರೆಯೂ ಹುಲ್ಲೂ ಒಟ್ಟಿಗೆ ಸಿಕ್ಕಿಕೊಂಡಿದ್ದವು. ಜನ ಮಾತ್ರ ಎಲ್ಲರೂ ಇದ್ದರು. ಗೋಡೆಗೆ ಮಣ್ಣು ಮೆತ್ತುತ್ತಿದ್ದರು. ಹಿಂದಿನ ನೆರೆಯಲ್ಲೂ ಹೀಗೇ, ಅದರ ಹಿಂದಿನದರಲ್ಲೂ ಹೀಗೇ ಎಂದು ಅವನ ಬಳಿಯ ಹಳೆಯ ಕಾಗದಗಳು ಹೇಳುತ್ತಿದ್ದವು.

ಇದು ಹೇಗೆ ಎಂದು ಅವನು ಕೇಳಿದ. ಮಣ್ಣು ತುಳಿಯುತ್ತಿದ್ದ ಮುದುಕನೊಬ್ಬ ಗುಡ್ಡದ ಕಡೆ ಕೈ ತೋರಿಸಿದ.

"ಅಲ್ಲಿ ಬಂಡೆಯ ಪಕ್ಕ ಒಬ್ಬಳು ಹೆಂಗಸಿದ್ದಾಳೆ, ಅವಳನ್ನ ಕೇಳಿ. ನಾವು ಹೇಳಿದರೆ ನಮಗೆ ಚಂದ ಕಾಣೋ ಹಾಗೆ ಹೇಳಿಬಿಡ್ತೀವಿ."

ಅವಳಿಗೆ ಐವತ್ತು ಆಗಿರಬಹುದು. ಅಂಗಳದಲ್ಲಿ ಕೂತು ಮೊರದಲ್ಲಿ ಜೋಳ ಕೇರುತ್ತಿದ್ದಳು. ನೆನೆದ ಜೋಳ, ಅರ್ಧ ಮೊಳಕೆ ಬಂದದ್ದು.

"ಕೂತ್ಕೊಳ್ಳಿ ಸ್ವಾಮಿ. ಬರೆಯೋದಿದ್ದರೆ ಬರೀರಿ. ಆದರೆ ಆಗಾಗ ತಲೆ ಎತ್ತಿ ನನ್ನ ಮುಖ ನೋಡಬೇಕು. ಕಾಗದಕ್ಕೆ ಹೇಳೋಕೆ ನನಗೆ ಬರೋದಿಲ್ಲ."

ಅವನು ತಲೆ ಎತ್ತಿದ. ಅವಳು ಹೇಳಿದಳು.

*

ನಮ್ಮ ಊರಿಗೆ ವರ್ಷಕ್ಕೊಂದು ದಿನ ನೀರು ಬರುತ್ತದೆ. ನಿಜದ ನೀರಲ್ಲ. ಚೀಟಿ ಎತ್ತುತ್ತೇವೆ, ಯಾರ ಹೆಸರು ಬಂತೋ ಅವನು ಆ ದಿನದ ಮಟ್ಟಿಗೆ ನೀರು. ಅವನು ಕರಿಕಂಬಳಿಯನ್ನು ಹೊಳೆಯಲ್ಲಿ ಅದ್ದಿ ಹೆಗಲಿಗೆ ಹಾಕಿಕೊಳ್ಳುತ್ತಾನೆ. ದಂಡೆಯ ಕಲ್ಲಿನ ಮೇಲೆ ನಿಂತು ಮೂರು ಸಲ ಕೂಗುತ್ತಾನೆ: "ನಾನು ನೀರು. ನನಗೆ ನೆಂಟರಿಲ್ಲ." ಊರು ಮೂರು ಸಲ ಉತ್ತರ ಕೊಡುತ್ತದೆ: "ಬಾ, ನಾವಿಲ್ಲ." ಆಮೇಲೆ ಅವನು ಬೀದಿಗೆ ಇಳಿಯುತ್ತಾನೆ, ಜನ ಗುಡ್ಡ ಹತ್ತುತ್ತಾರೆ. ಗುಡ್ಡದ ಅರ್ಧದಲ್ಲಿ ಈ ಬಂಡೆ. ಇದನ್ನು ದಾಟುವ ಮೊದಲು ಯಾರಿಗೆ ಒದ್ದೆ ಕಂಬಳಿ ತಾಕಿತೋ ಅವರು ಮುಳುಗಿದವರು.

ಮುಳುಗಿದವರು ಒಂದು ವರ್ಷ ಮುಳುಗಿದವರೇ. ಗುಡ್ಡದ ಮೇಲಿನ ಚಪ್ಪರದಲ್ಲಿ ಇರಬೇಕು. ಬಂಡೆ ದಾಟಿ ಕೆಳಗೆ ಇಳಿಯುವ ಹಾಗಿಲ್ಲ. ಅವರ ಹೆಸರನ್ನು ಯಾರೂ ಎತ್ತುವುದಿಲ್ಲ. ರೊಟ್ಟಿಯನ್ನು ಬಂಡೆಯ ಮೇಲೆ ಇಟ್ಟು ಬರುತ್ತಾರೆ, ಹಿರಿಯರಿಗೆ ಎಡೆ ಇಟ್ಟ ಹಾಗೆ. ಅವರು ಕರೆದರೆ ಓಗೊಡುವಂತಿಲ್ಲ. ಓಗೊಟ್ಟವನೂ ಆ ಕ್ಷಣದಿಂದ ಮುಳುಗಿದವನು. ಒಂದು ವರ್ಷಕ್ಕಲ್ಲ, ಜೀವ ಇರುವವರೆಗೆ.

"ಇಷ್ಟು ಕಠಿಣ ಯಾಕಮ್ಮಾ?" ಎಂದ ಬರೆದುಕೊಳ್ಳುವವನು.

"ನೀರಿಗೆ ಸಿಕ್ಕಿ ಸಾಯೋರಿಗಿಂತ, ಕರೆದರು ಅಂತ ವಾಪಸು ಹೋಗಿ ಸಾಯೋರು ಹೆಚ್ಚು ಸ್ವಾಮಿ. ಎಮ್ಮೆ ಕರೀತು ಅಂತ ಒಬ್ಬ ಹೋದ. ಅವನು ಕರೆದ ಅಂತ ಅವನ ಅಣ್ಣ ಹೋದ. ಅಣ್ಣ ಕರೆದ ಅಂತ ಅತ್ತಿಗೆ. ಹಳಬರು ಇದನ್ನ ಕಣ್ಣಾರೆ ಕಂಡಿದ್ದರು. ಅದಕ್ಕೇ ಕಿವಿಗೆ ಬೀಗ ಹಾಕೋದನ್ನ ಕಲಿಸಿದರು."

*

ನಾನು ಹುಟ್ಟುವ ಹೊತ್ತಿಗೆ ನಿಯಮ ಇತ್ತು, ಮುಳುಗಿದವರು ಇರಲಿಲ್ಲ.

ಅದು ಹೀಗಾಯಿತಂತೆ. ಎಂದೋ ಒಂದು ವರ್ಷ ಒಬ್ಬಳು ಮುದುಕಿಗೆ ಕಾಲು ಉಳುಕಿತ್ತು. ಆ ವರ್ಷದ ನೀರು ಅವಳ ತಂಗಿಯ ಮಗ. ಅವಳು ಹೊಸಿಲ ಮೇಲೆ ಒಂದು ಚೊಂಬು ಮಜ್ಜಿಗೆ ಇಟ್ಟು ಹೋದಳು. ಬಿಸಿಲಲ್ಲಿ ಬಂದ ನೀರು ಕೂತು ಮಜ್ಜಿಗೆ ಕುಡಿಯಿತು. ಅಷ್ಟರಲ್ಲಿ ಮುದುಕಿ ಬಂಡೆ ದಾಟಿದಳು. ಮರುವರ್ಷ ಪಕ್ಕದ ಮನೆಯವರೂ ಒಂದು ಚೊಂಬು ಇಟ್ಟರು. ಅವರ ಮನೆಯಲ್ಲಿ ಕುಡಿದು ನಮ್ಮ ಮನೆಯಲ್ಲಿ ಕುಡಿಯದಿದ್ದರೆ ಹೇಗೆ ಎಂದು ಅದರ ಮುಂದಿನ ಮನೆಯವರು ಕೇಳಿದರು. ಊರಲ್ಲಿ ನಲವತ್ತೆರಡು ಹೊಸಿಲು. ನಲವತ್ತೆರಡು ಚೊಂಬು.

ನೀರು ಪ್ರತಿ ಹೊಸಿಲಿನಲ್ಲೂ ಕೂರುತ್ತಿತ್ತು. ಕುಡಿಯುತ್ತಿತ್ತು. ಮೀಸೆ ಒರೆಸಿಕೊಳ್ಳುತ್ತಿತ್ತು. ಅಷ್ಟರಲ್ಲಿ ಜನ ಸ್ನಾನ ಮಾಡುತ್ತಿದ್ದರು, ಮಕ್ಕಳಿಗೆ ಜಡೆ ಹಾಕುತ್ತಿದ್ದರು, ಬಾಗಿಲಿಗೆ ಬೀಗ ಹಾಕಿ ಎರಡು ಸಲ ಎಳೆದು ನೋಡುತ್ತಿದ್ದರು, ಎಲೆ ಅಡಿಕೆ ಹಾಕಿಕೊಂಡು ಗುಡ್ಡ ಹತ್ತುತ್ತಿದ್ದರು. ನೀರು ಬಂಡೆಯ ಹತ್ತಿರ ಬರುವಾಗ ಅದರ ಹೊಟ್ಟೆ ಕುಲುಕುವುದು ಎಲ್ಲರಿಗೂ ಕೇಳಿಸುತ್ತಿತ್ತು. ಚಪ್ಪರದಲ್ಲಿ ಮೇವು ತುಂಬಿದ್ದರು.

ನಮ್ಮ ಊರಿನ ಮಕ್ಕಳಿಗೆ ನೀರಿನ ನಡಿಗೆ ಎಷ್ಟು ಎಂದು ಕೇಳಿದ್ದರೆ, ಹೊಟ್ಟೆ ತುಂಬಿದ ಮನುಷ್ಯನ ನಡಿಗೆಯಷ್ಟು ಎನ್ನುತ್ತಿದ್ದವು. ದೊಡ್ಡವರೂ ಅಷ್ಟೇ ಅನ್ನುತ್ತಿದ್ದರು.

*

ನನಗೆ ಏಳು ತುಂಬಿದ ವರ್ಷ ಚೀಟಿಯಲ್ಲಿ ನಮ್ಮಪ್ಪನ ಹೆಸರು ಬಂತು.

ಅಪ್ಪ ಈ ಊರಿನವನಲ್ಲ, ಮನೆ ಅಳಿಯನಾಗಿ ಬಂದವನು. ಅವನ ಊರು ಹೊಳೆಯ ಕೆಳಗಿತ್ತು. ಈಗಲೂ ಇದೆಯೇ ಎಂದು ಯಾರಾದರೂ ಕೇಳಿದರೆ ಅಪ್ಪ "ಇತ್ತು" ಎಂದಷ್ಟೇ ಹೇಳುತ್ತಿದ್ದ. ಅವನ ತಮ್ಮಂದಿರು ಇಬ್ಬರೂ ಅದರ ಜೊತೆಗೇ ಹೋಗಿದ್ದರು.

ಚೀಟಿ ಬಂದ ದಿನ ನಮ್ಮ ಅಜ್ಜಿ, ಅಂದರೆ ಅವ್ವನ ತಾಯಿ, ಜಗಲಿಯಲ್ಲಿ ಕಾಲು ಚಾಚಿ ಕೂತು ಹೇಳಿದಳು: "ಅಳಿಯಂದ್ರೇ, ಮೊದಲ ಮನೆ ನಮ್ದೇ. ಶುಂಠಿ ಜಜ್ಜಿ ಹಾಕಿಟ್ಟಿರ್ತೀನಿ. ನಿಧಾನಕ್ಕೆ ಕುಡೀರಿ. ನನ್ನ ಮಂಡಿ ನಿಮ್ಮ ಗಂಟಲು ನೋಡ್ಕೊಂಡು ನಡೆಯುತ್ತೆ."

ಗಾಣದವನು ಬೀದಿಯಿಂದಲೇ ಕೂಗಿದ: "ಈ ಸಲದ ನೀರು ಪರವೂರಿಂದು ಕಣ್ರೋ! ಉಪ್ಪು ಜಾಸ್ತಿ ಹಾಕ್ರಿ, ಇನ್ನೊಂದು ಚೊಂಬು ಕೇಳಲಿ!"

"ನೀರು ಮಜ್ಜಿಗೆ ಕುಡಿಯೋದಿಲ್ಲ," ಎಂದ ಅಪ್ಪ.

ಎಲ್ಲರೂ ನಕ್ಕರು. ಮಾತು ಕಡಿಮೆಯ ಮನುಷ್ಯ ಒಂದು ತಮಾಷೆ ಮಾಡಿದ ಎಂದು ಸಂತೋಷಪಟ್ಟರು.

ಆ ದಿನ ಅಪ್ಪ ಕಂಬಳಿ ಅದ್ದಿದ. ಮೂರು ಸಲ ಕೂಗಿದ. ಊರು ಮೂರು ಸಲ ಉತ್ತರ ಕೊಟ್ಟಿತು. ಅಜ್ಜಿ ನನ್ನನ್ನು ಊರುಗೋಲು ಮಾಡಿಕೊಂಡು ಮುಂಚೆಯೇ ಹೊರಟಿದ್ದಳು. ಬಂಡೆಯ ಮೇಲಿಂದ ನಾವು ನೋಡುತ್ತಿದ್ದೆವು. ಅಪ್ಪ ಓಡಲಿಲ್ಲ. ನಡೆದ. ಎಲ್ಲಿಯೂ ನಿಲ್ಲಲಿಲ್ಲ, ಅಷ್ಟೇ.

ಮೊದಲ ಮನೆ ನಮ್ಮದು. ಅವ್ವ ಚೊಂಬು ಹಿಡಿದು ಹೊಸಿಲಲ್ಲಿ ನಿಂತಿದ್ದಳು, ನಗುತ್ತಿದ್ದಳು. ಅವನು ಹಾದುಹೋಗುತ್ತಾ ಅವಳ ಭುಜಕ್ಕೆ ಕಂಬಳಿ ತಾಕಿಸಿದ. ಅವಳು ಚೊಂಬು ಕೆಳಗೆ ಹಾಕಲಿಲ್ಲ. ನಗುವನ್ನೂ ನಿಲ್ಲಿಸಲಿಲ್ಲ. ಅದನ್ನು ಏನು ಮಾಡಬೇಕೆಂದು ಅವಳಿಗೆ ತಿಳಿದಂತೆ ಕಾಣಲಿಲ್ಲ. ಗಾಣದವನು ಮುಖಕ್ಕೆ ಸೋಪು ಹಚ್ಚಿಕೊಂಡು ಬಚ್ಚಲಲ್ಲಿದ್ದ. ಒಬ್ಬಳು ಬೀಗವನ್ನು ಎರಡನೇ ಸಲ ಎಳೆಯುತ್ತಿದ್ದಳು. ಹತ್ತೊಂಬತ್ತು ಜನ.

ಸಂಜೆ ಕಟ್ಟೆಯ ಹಿರಿಯ ಎಲ್ಲರನ್ನೂ ಕೂಡಿಸಿದ. "ನೀನು ಮಾಡಿದ್ದು ತಪ್ಪು ಅಂತ ಹೇಳೋಕೆ ಬರೋದಿಲ್ಲಪ್ಪಾ. ಆದರೆ ಹೀಗಾ ಮಾಡೋದು?"

"ನಾನು ಓಡಲಿಲ್ಲ," ಎಂದ ಅಪ್ಪ. "ಹೊಳೆ ಓಡುತ್ತೆ."

ಚಪ್ಪರದ ಮೇವು ಹೊರಗೆ ತೆಗೆದರು. ಹತ್ತೊಂಬತ್ತು ಜನ ಒಳಗೆ ಹೋದರು.

*

ಆಮೇಲೆ ಊರು ಅಪ್ಪನ ಜೊತೆ ಹೂಂ, ಊಹೂಂ ಎನ್ನುವಷ್ಟೇ ಮಾತಾಡಿತು. ಬೆಳಿಗ್ಗೆ ನಾವು ಮೂವರೂ ಬಂಡೆಗೆ ಹೋಗಿ ರೊಟ್ಟಿ ಇಡುತ್ತಿದ್ದೆವು. ನಾವು ಬೆನ್ನು ತಿರುಗಿಸಿದ ಮೇಲೆ ಅವ್ವ ಬಂದು ತೆಗೆದುಕೊಳ್ಳುತ್ತಿದ್ದಳು. ನಾನು ಇಳಿಯುತ್ತಾ ಕಿರುಚುತ್ತಿದ್ದೆ.

"ಅಜ್ಜೀ, ನನ್ನ ಮುಂದಿನ ಹಲ್ಲು ಬಿತ್ತು!"

"ಯಾಕೇ ಹಾಗೆ ಕಿರುಚ್ತೀಯಾ? ನಾನು ಪಕ್ಕದಲ್ಲೇ ಇದ್ದೀನಲ್ಲೇ."

"ಅಜ್ಜೀ, ಎಮ್ಮೆ ಕರು ಹಾಕ್ತು! ಹೆಣ್ಣುಗರು!"

ಅಜ್ಜಿಗೆ ಮೂರನೆಯ ದಿನ ಅರ್ಥವಾಯಿತು. ಆಮೇಲೆ ಅವಳೂ ಕಿರುಚಿಯೇ ಉತ್ತರ ಕೊಡುತ್ತಿದ್ದಳು. ಅಪ್ಪ ಮಾತ್ರ ಸುಮ್ಮನೆ ಇಳಿಯುತ್ತಿದ್ದ. ಅವ್ವನಿಗೆ ಅವನ ಮೇಲೆ ಸಿಟ್ಟಿತ್ತೋ ಇಲ್ಲವೋ ಕೇಳುವ ಹಾಗಿರಲಿಲ್ಲ.

ನಾಲ್ಕನೆಯ ತಿಂಗಳು ಒಂದು ಮಧ್ಯಾಹ್ನ. ಆಕಾಶ ತೊಳೆದಿಟ್ಟ ಹಾಗಿತ್ತು. ನಮ್ಮಲ್ಲಿ ಹತ್ತು ದಿನದಿಂದ ಮಳೆ ಇರಲಿಲ್ಲ. ಎಲ್ಲೋ ಮೇಲೆ ಬಿದ್ದಿತ್ತು. ಹೊಳೆಯ ಮೇಲಿನ ತಿರುವು ಊರಿಗೆ ಕಾಣುವುದಿಲ್ಲ, ಗುಡ್ಡಕ್ಕೆ ಕಾಣುತ್ತದೆ. ಚಪ್ಪರದಲ್ಲಿದ್ದ ಹತ್ತೊಂಬತ್ತು ಜನ ಒಮ್ಮೆಲೇ ಬಂಡೆಯವರೆಗೆ ಓಡಿಬಂದು ಕೂಗತೊಡಗಿದರು. ಸೀರೆ ಬೀಸಿದರು, ಪಂಚೆ ಬೀಸಿದರು. ನೀರು, ನೀರು ಎಂದರು.

ಊರಿಗೆ ಕೇಳಿಸಿತು. ಕೇಳಿಸಿಕೊಳ್ಳುವುದು ತಪ್ಪಲ್ಲ, ಓಗೊಡುವುದು ತಪ್ಪು. ಬಟ್ಟೆ ಒಗೆಯುತ್ತಿದ್ದವರು ಇನ್ನೂ ಜೋರಾಗಿ ಒಗೆದರು. ಯಾರೋ ಕಿಟಕಿ ಎಳೆದುಕೊಂಡರು. "ಮುಳುಗಿದವರು ನೀರು ಅನ್ನದೆ ಇನ್ನೇನು ಅಂತಾರೆ," ಎಂದು ಇನ್ಯಾರೋ ಅಂದರು. ಯಾರೂ ಕೆಟ್ಟವರಲ್ಲ. ಹೇಳಿಕೊಟ್ಟದ್ದನ್ನು ಚೆನ್ನಾಗಿ ಕಲಿತವರು.

ನಾನೂ ಅಪ್ಪನೂ ಬಾಗಿಲಲ್ಲಿ ನಿಂತಿದ್ದೆವು. ಹತ್ತೊಂಬತ್ತು ದನಿಗಳ ಒಳಗಿಂದ ಅವ್ವನ ದನಿ ಬೇರೆಯಾಯಿತು. ಅವಳು ನೀರು ಎನ್ನುತ್ತಿರಲಿಲ್ಲ. ನನ್ನ ಹೆಸರು ಹಿಡಿದು ಕರೆಯುತ್ತಿದ್ದಳು. ಮತ್ತೆ ಕರೆದಳು. ಮತ್ತೆ.

ನಾನು ಬಾಯಿ ತೆರೆದೆ. ಅಪ್ಪ ಅಂಗೈಯಿಂದ ನನ್ನ ಬಾಯಿ ಮುಚ್ಚಿದ.

ನಾನು ಕಚ್ಚಿದೆ. ಅವನು ಕೈ ತೆಗೆಯಲಿಲ್ಲ. ಯಾರಾದರೂ ಓಗೊಡುವವರೆಗೆ ಅವ್ವ ಕರೆಯುವುದನ್ನು ನಿಲ್ಲಿಸುವವಳಲ್ಲ. ಅವಳು ಕರೆಯುತ್ತಿರುವವರೆಗೆ ನಾನು ಸುಮ್ಮನಾಗುವವಳಲ್ಲ. ಅದು ಅವನಿಗೆ ತಿಳಿದಿತ್ತು. ಹಾಗೇ ನನ್ನ ಬಾಯಿ ಮುಚ್ಚಿಕೊಂಡೇ ಅವನು ಗುಡ್ಡದ ಕಡೆ ಮುಖ ಎತ್ತಿದ.

"ಓ!" ಎಂದ. "ಕೇಳಿಸ್ತು ಕಣೇ!"

ಅವ್ವನ ದನಿ ನಿಂತಿತು.

ಬೀದಿಯಲ್ಲಿದ್ದವರೆಲ್ಲ ನೋಡಿದರು. ಆಮೇಲೆ ಮುಖ ತಿರುಗಿಸಿದರು.

*

ಬರೆದುಕೊಳ್ಳುವವನು ಬರೆಯುವುದನ್ನು ನಿಲ್ಲಿಸಿದ್ದ. "ಆಮೇಲೆ ಅವರು ಊರಿಗೆ ಹೇಳಿದರೇ, ನೀರು ಬರುತ್ತಿದೆ ಅಂತ?"

"ಹೇಳಿದ. ಆದರೆ ಹೇಳಿದವನು ಯಾರು ಸ್ವಾಮಿ? ಮುಳುಗಿದವನು."

*

ಅಪ್ಪ ಹಿರಿಯನ ಜಗಲಿಗೆ ಹೋಗಿ ಹೇಳಿದ. ಹಿರಿಯ ಕಂಬ ನೋಡುತ್ತಾ ಕೂತ. "ಗಾಳಿ ಎದ್ದಿತೇನೇ?" ಎಂದು ಹೆಂಡತಿಯನ್ನು ಕೇಳಿದ. ಅಪ್ಪ ಇನ್ನೂ ಇಬ್ಬರಿಗೆ ಹೇಳಿದ. ಒಬ್ಬ ಚಪ್ಪಲಿ ಹುಡುಕಲು ಹೋದ. ಇನ್ನೊಬ್ಬಳು ಅಳತೊಡಗಿದಳು, ಆದರೆ ಉತ್ತರ ಕೊಡಲಿಲ್ಲ.

ನಾಲ್ಕನೆಯವರ ಬಳಿಗೆ ಅವನು ಹೋಗಲಿಲ್ಲ. ಮನೆಗೆ ಬಂದು ಕಂಬಳಿ ತೆಗೆದುಕೊಂಡ. ಹೊಳೆಗೆ ನಡೆದ. ಹೊಳೆ ಆಗಲೇ ಕೆಂಪಾಗಿತ್ತು, ಒಣ ಕಡ್ಡಿಗಳನ್ನು ಹೊತ್ತು ಬರುತ್ತಿತ್ತು. ಕಂಬಳಿ ಅದ್ದಿದ. ಕಲ್ಲಿನ ಮೇಲೆ ನಿಂತ.

"ನಾನು ನೀರು. ನನಗೆ ನೆಂಟರಿಲ್ಲ."

ಆ ದಿನ ಯಾರೂ ಚೀಟಿ ಎತ್ತಿರಲಿಲ್ಲ. ಆದರೆ ಆ ಕೂಗನ್ನು ಕೇಳುವ ಕಿವಿಯೇ ಬೇರೆ. ಅದು ತಲೆಗೆ ಹೋಗುವುದಿಲ್ಲ, ನೇರ ಕಾಲಿಗೆ ಹೋಗುತ್ತದೆ. ಎರಡನೆಯ ಕೂಗಿಗೆ ಊರಿನ ಬಾಯಿಂದ ತಾನಾಗಿಯೇ ಬಂತು: "ಬಾ, ನಾವಿಲ್ಲ." ಮೂರನೆಯ ಕೂಗಿನ ಹೊತ್ತಿಗೆ ಬಾಗಿಲುಗಳು ತೆರೆದಿದ್ದವು. ಈ ನೀರು ಕೂರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಇದು ಹೆಂಡತಿಯನ್ನೂ ಬಿಡಲಿಲ್ಲ ಎಂದು ಗೊತ್ತಿತ್ತು. ಹಂಚಿನ ಮೇಲೆ ರೊಟ್ಟಿ ಬಿಟ್ಟು ಓಡಿದರು. ಬೀಗ ಬಿಟ್ಟು ಓಡಿದರು. ಹಿರಿಯ ಅರ್ಧ ಸುತ್ತಿದ ಪಂಚೆಯಲ್ಲೇ ಓಡಿದ. ತೊಟ್ಟಿಲ ಕೂಸುಗಳನ್ನು ಕೈಗೆ ಸಿಕ್ಕವರು ಎತ್ತಿಕೊಂಡರು. ಯಾರದು ಯಾರ ಕೈಲಿದೆ ಎಂದು ಆಮೇಲೆ ನೋಡಿಕೊಂಡರು.

ನಮ್ಮ ಅಜ್ಜಿ ಹೊಸಿಲ ಮೇಲೆ ಕೂತುಬಿಟ್ಟಳು. "ಆಗೋದಿಲ್ಲ. ಮುಟ್ಟಿಸಿದರೆ ಮುಟ್ಟಿಸಲಿ."

ಅಪ್ಪ ಕಂಬಳಿಯನ್ನು ಅವಳಿಂದ ಒಂದು ಗೇಣು ದೂರ ಹಿಡಿದು ನಿಂತ. ಮುಟ್ಟಿಸಲಿಲ್ಲ, ಹಿಂದಕ್ಕೂ ಸರಿಯಲಿಲ್ಲ. ಕಂಬಳಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅಜ್ಜಿ ಎದ್ದಳು. ನನ್ನ ಭುಜ ಹಿಡಿದಳು.

"ನಿನ್ನ ಕೈ ಸೇದಿಹೋಗ! ನಿನಗೆ ಮಗಳು ಕೊಟ್ಟ ನನ್ನ ಬುದ್ಧಿಗೆ ಬೆಂಕಿ ಹಾಕ!" ಎಂದು ಬೈಯುತ್ತಾ ನಡೆದಳು. ಹತ್ತು ವರ್ಷ ಬಹುವಚನದಲ್ಲಿ ಕರೆದ ಅಳಿಯನನ್ನು ಆ ದಿನ ಮೊದಲ ಸಲ ಏಕವಚನದಲ್ಲಿ ಕರೆದಳು. ಅವಳ ಬೈಗುಳ ಒಂದು ಹೆಜ್ಜೆ ನಿಧಾನವಾದರೆ ಕಂಬಳಿ ಒಂದು ಗೇಣು ಹತ್ತಿರ ಬರುತ್ತಿತ್ತು. ಹಾಗೆ ಅವಳು ಬಂಡೆ ದಾಟಿದಳು. ಅಷ್ಟು ಬೇಗ ಅವಳು ಮದುವಣಗಿತ್ತಿಯಾಗಿದ್ದಾಗಲೂ ದಾಟಿರಲಿಲ್ಲ ಎಂದು ಆಮೇಲೆ ಊರು ಹೇಳುತ್ತಿತ್ತು.

ನಾವು ತಿರುಗಿ ನೋಡಿದೆವು. ಬೀದಿಯಲ್ಲಿ ಮನುಷ್ಯರು ಯಾರೂ ಇರಲಿಲ್ಲ. ನಿಜದ ನೀರು ಬಂತು. ಅದು ನಲವತ್ತೆರಡು ಹೊಸಿಲುಗಳನ್ನು ದಾಟಲು ಒಬ್ಬ ಮನುಷ್ಯ ಒಂದು ಚೊಂಬು ಮಜ್ಜಿಗೆ ಕುಡಿಯುವಷ್ಟು ಹೊತ್ತನ್ನೂ ತೆಗೆದುಕೊಳ್ಳಲಿಲ್ಲ. ಅಪ್ಪ ಕೊನೆಗೆ ಬಂಡೆ ಹತ್ತಿದ. ಸೊಂಟದವರೆಗೆ ಒದ್ದೆಯಾಗಿದ್ದ.

*

"ಒಬ್ಬರೂ ಸಾಯಲಿಲ್ಲ," ಎಂದ ಬರೆದುಕೊಳ್ಳುವವನು.

"ಒಬ್ಬರೂ ಇಲ್ಲ."

"ಊರು ಅವರನ್ನು ತಲೆ ಮೇಲೆ ಹೊತ್ತಿರಬೇಕು."

"ಹೊತ್ತಿತು. ಹಬ್ಬದ ಮೊದಲ ಎಡೆ ಬಂಡೆಯ ಮೇಲೆ ಅವನಿಗೇ. ಹೊಸ ಬಟ್ಟೆ ಅವನಿಗೇ. ಅವನ ಜೊತೆ ಮಾತು ಮಾತ್ರ ಆಡಲಿಲ್ಲ."

*

ಆಡಲು ಹೋಗಿದ್ದರು. ಆ ದಿನವೇ ಗುಡ್ಡದ ಮೇಲೆ ಹಿರಿಯ ಎದ್ದು ನಿಂತ. ಅವನ ಕಣ್ಣಲ್ಲಿ ನೀರಿತ್ತು. ನಿಯಮವನ್ನು ಒಬ್ಬ ಮನುಷ್ಯನ ಮಟ್ಟಿಗೆ ಬಿಡೋಣ, ಊರೆಲ್ಲ ಒಪ್ಪುತ್ತದೆ ಎಂದ. ಊರೆಲ್ಲ ಹೌದು ಎಂದಿತು. ಮೊದಲ ಮಾತು ಆಡಲು ಅವನೇ ಅಪ್ಪನ ಕಡೆ ನಡೆದ. ಅಪ್ಪ ಹೆಗಲಿಂದ ಕಂಬಳಿ ತೆಗೆದು ಅವನ ಎದುರು ಹಿಡಿದ. ಹಿರಿಯ ಹೆಜ್ಜೆ ಹಿಂದಿಟ್ಟ. ಮತ್ತೆ ಮುಂದೆ ಬಂದ. ಅಪ್ಪ ಮತ್ತೆ ಹಿಡಿದ. ಮೂರು ಸಲ ಹೀಗಾಯಿತು. ಆಮೇಲೆ ಯಾರೂ ಹೋಗಲಿಲ್ಲ.

ನೀರು ಇಳಿಯಿತು. ಊರು ಇಳಿದು ಗೋಡೆ ಎಬ್ಬಿಸಿತು. ವರ್ಷ ತುಂಬಿದ ಮೇಲೆ ಹತ್ತೊಂಬತ್ತು ಜನರ ಹೆಸರು ಕರೆದು ಕೆಳಗೆ ಕರೆತಂದರು. ಅವ್ವ ಮನೆಗೆ ಬಂದಳು. ಅಪ್ಪ ಚಪ್ಪರದಲ್ಲೇ ಉಳಿದ.

ಅವ್ವ ಎಮ್ಮೆ ಮೇಯಿಸಲು ದಿನವೂ ಗುಡ್ಡಕ್ಕೇ ಹೋಗುತ್ತಿದ್ದಳು. ಚಪ್ಪರಕ್ಕೆ ಬೆನ್ನು ಹಾಕಿ ಕೂತು ಎಮ್ಮೆಯ ಜೊತೆ ಮಾತಾಡುತ್ತಿದ್ದಳು. "ನೋಡೇ ಎಮ್ಮೆ, ಒಬ್ಬೊಬ್ಬ ಗಂಡಸಿಗೆ ಎಂಥ ಜಂಬ. ಊರೇ ಬಂದು ಕೈ ಮುಗಿದರೂ ಬೇಡವಂತೆ."

ಚಪ್ಪರದ ಒಳಗಿಂದ ಅಪ್ಪ ಎಮ್ಮೆಗೆ ಉತ್ತರ ಕೊಡುತ್ತಿದ್ದ. "ಎಮ್ಮೇ, ನಮ್ಮೂರಲ್ಲೂ ನಿಯಮ ಇತ್ತು. ತಮಟೆಯವನು ಹೊಳೆ ಕಾಯಬೇಕು ಅಂತ. ಅವನ ಮಗಳ ಮದುವೆ ಅಂತ ಒಂದು ದಿನ ಬಿಟ್ವಿ. ಒಳ್ಳೆಯವನು, ಅದಕ್ಕೇ ಬಿಟ್ವಿ. ಮೊದಲ ಮಜ್ಜಿಗೆ ಯಾವಾಗಲೂ ಒಳ್ಳೆಯವರಿಗೇ ಇಡೋದು."

ಎಮ್ಮೆ ತಲೆ ಆಡಿಸುತ್ತಿತ್ತು. ಊರಿಗೆ ಇದು ಗೊತ್ತಿತ್ತು. ಎಮ್ಮೆಯ ಜೊತೆ ಮಾತಾಡಬಾರದೆಂದು ಯಾರೂ ಬರೆದಿಟ್ಟಿರಲಿಲ್ಲ.

ಅಂದಿನಿಂದ ಯಾವ ಹೊಸಿಲಲ್ಲೂ ಯಾರೂ ಚೊಂಬು ಇಟ್ಟಿಲ್ಲ. ಚೀಟಿ ಯಾರಿಗೇ ಬರಲಿ, ನೀರು ನಿಲ್ಲುವುದಿಲ್ಲ. ತಲೆ ಎತ್ತಿ ಗುಡ್ಡ ನೋಡುತ್ತಿತ್ತು, ಚಪ್ಪರದ ಮುಂದೆ ಕೂತವನನ್ನು ನೋಡುತ್ತಿತ್ತು, ನಡೆಯುತ್ತಿತ್ತು. ಗುಡ್ಡದಲ್ಲಿ ತಮಟೆ ಬಾರಿಸಿದರೆ ಅದು ಕರೆದದ್ದಲ್ಲ ಎಂದು ಒಂದು ಹೊಸ ಮಾತು ಸೇರಿಸಿದರು. ಅಷ್ಟೇ ಬದಲಾದದ್ದು.

*

ಅವಳು ಮೊರವನ್ನು ಒಮ್ಮೆ ಕೊಡವಿದಳು. ಬರೆದುಕೊಳ್ಳುವವನು ತಲೆ ಎತ್ತಿದ. ಮತ್ತೆ ಕೇಳಿದ.

"ನೀವು? ನೀವು ಅವರ ಜೊತೆ ಮಾತಾಡಲೇ ಇಲ್ಲವೇ?"

"ನನಗೆ ಎಮ್ಮೆಯ ಜೊತೆ ಮಾತಾಡೋದು ಬರಲಿಲ್ಲ ಸ್ವಾಮಿ. ಬಾಯಿ ತೆರೆದರೆ 'ಅಪ್ಪಾ' ಅಂತಲೇ ಬರೋದು. ಅದಕ್ಕೆ ತೆರೀಲಿಲ್ಲ. ಅವನೂ ಎಮ್ಮೆಯನ್ನ ಕೇಳ್ತಿದ್ದ, ಹುಡುಗಿ ಉಂಡಳೇ, ಹುಡುಗಿಗೆ ಜ್ವರ ಇಳೀತೇ ಅಂತ. ಹುಡುಗಿ ಅಂತಿದ್ದ. ಹೆಸರು ಹಿಡೀತಿರಲಿಲ್ಲ. ನನ್ನ ಮದುವೆ ದಿಬ್ಬಣ ಈ ಬಂಡೆಯ ಮುಂದೆ ಹೋದಾಗ ಆ ಬೇವಿನ ಮರಕ್ಕೆ ಏನೋ ಹೇಳಿದ. ಓಲಗದಲ್ಲಿ ಕೇಳಿಸಲಿಲ್ಲ."

"ಎಷ್ಟು ವರ್ಷ ಹೀಗೆ?"

"ಮೂವತ್ತೊಂದು."

ಅವಳು ಜೋಳದಿಂದ ಒಂದು ಕಲ್ಲು ಆರಿಸಿ ಹೊರಗೆ ಹಾಕಿದಳು.

"ಕೊನೇ ದಿನ ಜ್ವರ ತಲೆಗೇರಿತ್ತು. ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯೋಕೆ ಶುರು ಮಾಡಿದ. ತೇಲಿಹೋದ ತಮ್ಮಂದಿರನ್ನ ಕರೆದ. ತೀರಿಕೊಂಡಿದ್ದ ಅಜ್ಜೀನ ಕರೆದ. ಹಿರಿಯನ್ನ, ಗಾಣದವನ್ನ ಕರೆದ. ಅವ್ವನ್ನ ಕರೆದ; ಅವಳು ಬೆನ್ನು ಹಾಕಿ ಕೂತು 'ಇಲ್ಲೇ ಇದ್ದೀನಲ್ಲ' ಅಂತ ಕಂಬಕ್ಕೆ ಹೇಳಿದಳು. ನಾನು ಚಪ್ಪರದ ಬಾಗಿಲಲ್ಲೇ ನಿಂತಿದ್ದೆ. ನನಗೆ ಮೂರು ಮಕ್ಕಳು, ಎಲ್ಲ ದೊಡ್ಡವಾಗಿದ್ದವು. ಇನ್ನು ಊರು ಮಾತಾಡಿಸದೇ ಇದ್ದರೂ ಆಯ್ತು, ಕರೆದರೆ ಈ ಸಲ ಓ ಅಂದೇ ಬಿಡೋದು ಅಂತ ನಿಂತಿದ್ದೆ."

"ಕರೆದರೇ?"

"ಇಲ್ಲ ಸ್ವಾಮಿ. ಊರಿನ ಎಲ್ಲರ ಹೆಸರೂ ಆಯ್ತು. ಅಷ್ಟು ಜ್ವರದಲ್ಲೂ, ನನ್ನ ಹೆಸರು ಬರೋ ಕಡೆ ಮಾತ್ರ ಬಳಸಿಕೊಂಡು ಹೋದ."